ಲೋಟದೊಳಗಿನ ಹಾಡು

ಲಕ್ಷಿತ್ ಫೋನನ್ನು ಸ್ಟೀಲ್ ಲೋಟದೊಳಗೆ ಇಳಿಸಿ ಲೋಟವನ್ನು ಮೇಜಿನ ನಡುವಿಗೆ ದೂಡಿದ. ಹಾಗೆ ಮಾಡಿದರೆ ಸ್ವರ ದೊಡ್ಡದಾಗುತ್ತದೆಂದು ಬಳಗಕ್ಕೆ ಹೇಳಿಕೊಟ್ಟವನು ಬೂಬನೇ. ಸ್ಪೀಕರ್ ತರುತ್ತೇನೆಂದು ಲಕ್ಷಿತ್ ಪ್ರತಿ ಸಲ ಹೇಳುತ್ತಿದ್ದ, ಬೇಡವೆಂದು ಬೂಬ ಪ್ರತಿ ಸಲ ಹೇಳುತ್ತಿದ್ದ. ಸ್ಪೀಕರಿನಲ್ಲಿ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಗಿ ಕೇಳಿಬಿಡುತ್ತದೆ. ಲೋಟದೊಳಗಿನಿಂದ ಬಂದ ಹಾಡು ಒಬ್ಬನಿಗೆ ಒಂದಿಷ್ಟು ಕೇಳದೆ ಹೋದರೆ ಅದು ಲೋಟದ ತಪ್ಪು. ಇಷ್ಟನ್ನು ಯೋಚಿಸಿ ಇಡಬಲ್ಲ ತಲೆ ತನ್ನದೆಂದು ಬೂಬನಿಗೆ ಒಂದು ಕಾಲದಲ್ಲಿ ಹೆಮ್ಮೆಯೂ ಇತ್ತು. ಈಗ ಉಡುಪಿಯ ಸಿಟಿ ಬಸ್ ನಿಲ್ದಾಣದ ಹಿಂದಿನ ಹೋಟೆಲಿನ ಮಾಳಿಗೆಯಲ್ಲಿ, ಗೋಳಿಬಜೆಯ ಎಣ್ಣೆ ಬೆರಳಿಗೆ ಮೆತ್ತಿಕೊಂಡು ಕುಳಿತ ಹತ್ತು ಮುಖಗಳು ತನ್ನ ಕಡೆ ತಿರುಗಿದಾಗ, ಆ ಲೋಟವನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆಯಬೇಕೆನ್ನಿಸಿತು. ಕಾರ್ಕಳದ ಆಲ್ಫೋನ್ಸರ ಅಭಿಮಾನಿ ಬಳಗದಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಅವರ ಹೊಸ ಹಾಡನ್ನು ಮನೆಯಲ್ಲಿ ಯಾರು ಎಷ್ಟು ಸಲ ಕೇಳಿರಲಿ, ಒಮ್ಮೆ ಒಟ್ಟಿಗೆ ಕೂತು ಕೇಳಬೇಕು. ಹಾಡು ಮುಗಿದ ಮೇಲೆ ಮೊದಲ ಮಾತು ಬೂಬನದು. ಅವನು ಹೇಳಿದ್ದಕ್ಕೆ ಎದುರು ಹೇಳಬಾರದೆಂದೇನಿಲ್ಲ, ಆದರೆ ಈವರೆಗೆ ಯಾರೂ ಹೇಳಿರಲಿಲ್ಲ.

ಈ ಸಲದ ಹಾಡು ಆಲ್ಫೋನ್ಸರದ್ದಲ್ಲ, ಅದೇ ತಕರಾರು. ಮೂವತ್ತು ವರ್ಷದ ಹಿಂದೆ ಮಣಿಪಾಲದ ಕಾಲೇಜು ಹುಡುಗರ ‘ಸಿಗ್ನಲ್’ ಎಂಬ ತಂಡ ಒಂದೇ ಒಂದು ಕ್ಯಾಸೆಟ್ ತಂದು ಚದುರಿಹೋಗಿತ್ತು. ಅದರಲ್ಲಿ ಪೀಟರ್ ಎಂಬ ತೆಳ್ಳಗಿನ ಹುಡುಗ ಗಿಟಾರ್ ಹಿಡಿದು ಹಾಡಿದ ‘ಎರಡನೇ ಬಸ್ಸು’ ಮಾತ್ರ ಉಳಿಯಿತು. ಮೊದಲ ಬಸ್ಸು ತಪ್ಪಿಸಿಕೊಂಡವನು ಕಾಯುವ ಹುಡುಗಿಗೆ ಎರಡನೆಯದರಲ್ಲಿ ಬರುತ್ತೇನೆ ಎನ್ನುವುದು, ಅಷ್ಟೇ. ಕಾಪುವಿನಿಂದ ಕಾರ್ಕಳದವರೆಗೆ ಅದನ್ನು ಹಾಡದ ಕಾಲೇಜ್ ಡೇ ಇಲ್ಲ, ಮದುವೆ ಇಲ್ಲ. ಅದನ್ನೀಗ ಎಪ್ಪತ್ತೊಂದರ ಆಲ್ಫೋನ್ಸ್ ಗಿಟಾರ್ ತೆಗೆದುಹಾಕಿ, ಡ್ರಮ್ಮು ಮತ್ತು ಬೇಸ್ ಮಾತ್ರ ಇಟ್ಟುಕೊಂಡು, ಅರ್ಧ ವೇಗಕ್ಕೆ ಇಳಿಸಿ ಹಾಡಿದ್ದರು. ಹಾಡು ಹೊರಗೆ ಬಂದು ನಾಲ್ಕು ದಿನ. ನಾಲ್ಕು ದಿನದಿಂದ ಬಳಗದ ಫೋನ್ ಗುಂಪಿನಲ್ಲಿ ಜಗಳ.

“ಅಲ್ಲ ಮಾರಾಯ, ನಮ್ಮವರ ಹಾಡು ನೂರು ಉಂಟು,” ಎಂದ ಶೀನ. “ಬೇರೆಯವರದ್ದಕ್ಕೆ ಕೈ ಹಾಕುವುದು ಎಂತಕ್ಕೆ? ಪೀಟರ್ ಬರುತ್ತೇನೆ ಅಂತ ಹಾಡಿದರೆ ಬಂದೇ ಬರುತ್ತಾನೆ ಅಂತ ಗೊತ್ತಾಗ್ತದೆ.”

“ಇವರು ಹಾಡಿದರೆ ಬರುವುದಿಲ್ಲ ಅಂತ ಗೊತ್ತಾಗ್ತದೆ ಶೀನಣ್ಣ. ಅದೇ ಅಲ್ವಾ ಹೊಸತು?” ಲಕ್ಷಿತ್ ಮುಂದಕ್ಕೆ ಬಾಗಿದ. “ಎರಡನೇ ಬಸ್ಸೂ ಹೋಗಿ ಆಗಿದೆ, ಆದರೂ ಬರ್ತೇನೆ ಅಂತ ಹೇಳ್ತಾ ಇದ್ದಾರೆ. ಆ ‘ಬರುತ್ತೇನೆ’ ಅಂತ ಮೇಲೆ ಏರುವ ಜಾಗದಲ್ಲಿ ಸ್ವರ ಒಡೆಯುತ್ತದಲ್ಲ, ಅಲ್ಲಿ ನನಗೆ ಕಣ್ಣಲ್ಲಿ ನೀರು ಬಂತು.”

“ಒಡೆದದ್ದು ಒಡೆದದ್ದೇ. ರಿಕ್ಷಾದ ಹಾರ್ನ್ ಸೇರಿಸಿ ರೀಲ್ ಮಾಡಿ ಬಿಟ್ಟಿದ್ದಾರೆ, ನೋಡಿದಿಯಾ? ಅಷ್ಟು ಪ್ರಾಯ ಆದ ಮನುಷ್ಯನ ಮರ್ಯಾದೆ ಹೋಯಿತು. ಹೊರಗೆ ಬಿಡುವ ಮೊದಲು ಯಾರಿಗಾದರೂ ಕೇಳಿಸಬಾರದಿತ್ತಾ ಅವರು? ಕೇಳಿಸಿದ್ದರೆ, ಚಂದ ಉಂಟು ಅಂತ ಹೇಳಿದ ಪುಣ್ಯಾತ್ಮ ಯಾರು ಅಂತ ನನಗೆ ಗೊತ್ತಾಗಬೇಕು.”

ಈ ಮಾತುಗಳನ್ನು ಬೂಬ ಕೇಳಬೇಕಾಗಿರಲಿಲ್ಲ. ಗುಂಪಿನಲ್ಲಿ ಬರೆದದ್ದನ್ನೇ ಇಲ್ಲಿ ಹೇಳುತ್ತಿದ್ದರು. ತುಟಿಗಳು ಅರ್ಧ ತೋರಿಸಿದರೆ ಉಳಿದ ಅರ್ಧವನ್ನು ಓದಿದ ನೆನಪು ತುಂಬಿಸಿಕೊಡುತ್ತಿತ್ತು. ಶೀನನ ಮಾತು ಮಾತ್ರ ಕಷ್ಟ, ಅವನ ದಪ್ಪ ಮೀಸೆ ಮೇಲ್ದುಟಿಯನ್ನು ನುಂಗಿಬಿಟ್ಟಿದೆ. ನಲವತ್ತು ವರ್ಷ ಒಂದೇ ಬೋಟಿನಲ್ಲಿ, ಶೀನ ಮೇಲೆ ಚುಕ್ಕಾಣಿಯಲ್ಲಿ, ಬೂಬ ಕೆಳಗೆ ಇಂಜಿನ್ನಿನ ಬಿಸಿಯಲ್ಲಿ ದುಡಿದ ಗೆಳೆಯ. ಈಗ ಅವನ ಮೀಸೆಯನ್ನು ಕಂಡರೆ ಬೂಬನಿಗೆ ಸಿಟ್ಟು ಬರುತ್ತದೆ. ಪುಣ್ಯಾತ್ಮ ಯಾರು ಎಂಬ ಮಾತು ಮಾತ್ರ ಮೀಸೆಯನ್ನು ದಾಟಿ ಬಂತು, ಏಕೆಂದರೆ ಅದನ್ನು ಬೂಬ ನಾಲ್ಕು ದಿನದಿಂದ ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ಲಕ್ಷಿತ್ ಲೋಟದೊಳಗೆ ಬೆರಳಿಟ್ಟು ಒತ್ತಿದ. ಬೂಬ ಎಂದಿನಂತೆ ಕಣ್ಣು ಮುಚ್ಚಿ, ಬಲಗೈಯ ಎರಡು ಬೆರಳನ್ನು ಮೇಜಿಗೆ ತಾಗಿಸಿದ.

ಮೇಜಿನ ಹಲಗೆಯಲ್ಲಿ ಏನೋ ಒಂದು ಸಣ್ಣಗೆ ನಡುಗಿತು, ಅಥವಾ ಕೆಳಗಿನ ರಸ್ತೆಯಲ್ಲಿ ಬಸ್ಸು ಹೋಯಿತು. ಮೂರು ವಾರದ ಹಿಂದೆ ಆಲ್ಫೋನ್ಸ್ ಕಾಪುವಿನ ಮನೆಗೆ ತಾವೇ ಬಂದಿದ್ದರು. ಜಗಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಮುಖವಿಟ್ಟು ಮಾತನಾಡಿದ್ದರಿಂದ ಒಂದಕ್ಷರವೂ ತಪ್ಪಿರಲಿಲ್ಲ. “ಬೂಬಣ್ಣ, ಫೋನಿಗೆ ಒಂದು ಹಾಡು ಕಳಿಸಿದ್ದೇನೆ. ಯಾರಿಗೂ ಕೇಳಿಸಲಿಲ್ಲ. ಅಭಿಮಾನಿ ಹೇಳುವ ಹಾಗೆ ಹೇಳಬೇಡಿ, ಇಂಜಿನ್ ನೋಡಿ ಹೇಳುತ್ತಿದ್ದಿರಲ್ಲ, ಹಾಗೆ ಹೇಳಿ. ತೊಂದರೆ ಉಂಟು ಅಂತ ನೀವು ಹೇಳಿದರೆ ನಿಲ್ಲಿಸುತ್ತೇನೆ. ಈ ಹಾಡು ಮಾತ್ರ ಅಲ್ಲ, ಹಾಡುವುದನ್ನೇ.” ಆಗಲೇ ಹೇಳಬೇಕಿತ್ತು. ಪೊರ್ಬುಗಳೇ, ನನಗೆ ಕೇಳುವುದಿಲ್ಲ. ಊರಿನಲ್ಲಿ ಕ್ರಿಶ್ಚನ್ ಹಿರಿಯರನ್ನು ಕರೆಯುವ ಆ ಹೆಸರು ಬಾಯಿಗೆ ಬಂತು, ಉಳಿದದ್ದು ಬರಲಿಲ್ಲ. “ಪೊರ್ಬುಗಳೇ, ಒಂದು ದಿನ ಕೊಡಿ,” ಎಂದಿದ್ದ. ಅವರು ಹೋದ ಮೇಲೆ ಬಲೆ ಇಡುವ ಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಸ್ಪೀಕರ್ ಪೆಟ್ಟಿಗೆಗೆ ಫೋನು ಸಿಕ್ಕಿಸಿ, ಉದ್ದನೆಯ ಸ್ಕ್ರೂಡ್ರೈವರನ್ನು ಅದಕ್ಕೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಕೊಟ್ಟು ಕುಳಿತಿದ್ದ. ಇಂಜಿನ್ನಿನ ಹೊಟ್ಟೆಯಲ್ಲಿ ಎಲ್ಲಿ ಬಡಿಯುತ್ತಿದೆ ಎಂದು ತಿಳಿಯಲು ಅವನು ಬದುಕಿಡೀ ಮಾಡಿದ್ದು ಅದನ್ನೇ. ಎಲುಬಿನೊಳಗೆ ಡ್ರಮ್ಮು ಬಂತು, ಬೇಸ್ ಬಂತು, ಒಂದೇ ಸಮನೆ, ಎಲ್ಲಿಯೂ ತಪ್ಪದೆ, ಹೊಸ ಇಂಜಿನ್ನಿನ ಹಾಗೆ. ಆ ಖುಷಿಯಲ್ಲಿ ಅವನು ಸ್ವರ ಎಲ್ಲಿದೆ ಎಂದು ಹುಡುಕುವುದನ್ನೇ ಮರೆತ. ಮರೆತನೋ, ಹುಡುಕಲು ಹೆದರಿದನೋ. ಮರುದಿನ ಕಳಿಸಿದ ಉತ್ತರ ಇಷ್ಟೇ: ಒಂದು ಎಳೆ ತಪ್ಪಿಲ್ಲ.

ಪೆರ್ಡೂರಿನಲ್ಲಿ ಆಲ್ಫೋನ್ಸರ ಒಂದು ಆರ್ಕೆಸ್ಟ್ರಾದಲ್ಲಿ, ಬೂಬನಿಗಿನ್ನೂ ಮದುವೆಯಾಗದಿದ್ದ ಕಾಲ, ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ, ನಿಮ್ಮ ಹಾರ್ಮೋನಿಯಮ್ಮಿನ ಒಂದು ಮನೆಯ ಸ್ವರ ಇಳಿದಿದೆ ಎಂದು ಹೇಳಿದ್ದ. ಹಾರ್ಮೋನಿಯಮ್ಮಿನವನು ನಕ್ಕ, ಮೀನಿನ ವಾಸನೆಯ ಮನುಷ್ಯನ ಮುಂದೆ ಮೂಗು ಮುಚ್ಚಿಕೊಂಡ. ಆಲ್ಫೋನ್ಸ್ ಒಂದೊಂದೇ ಮನೆ ಒತ್ತಿ ನೋಡಿ, ಹನ್ನೊಂದನೆಯದಕ್ಕೆ ತಲೆಯೆತ್ತಿ ಇವನ ಕೈ ಹಿಡಿದುಕೊಂಡಿದ್ದರು. ಅಂದಿನಿಂದ ಬೂಬಣ್ಣನಿಗೆ ಕೇಳಿಸದೆ ಅವರ ಯಾವ ಹಾಡೂ ಹೊರಗೆ ಹೋಗಿಲ್ಲ, ಬಳಗದಲ್ಲಿ ಯಾರಿಗೂ ಅದು ಗೊತ್ತಿಲ್ಲ. ಕಾಪುವಿನ ಬೀಚಿನಲ್ಲಿ ಮೀನು ಮಾರುವ ಸರಸಳ ಗಂಡನಾಗಿ, ಡೀಸೆಲ್ ಮೆತ್ತಿದ ಬನಿಯನ್ನಿನವನಾಗಿ, ಬೂಬನಿಗೆ ಬದುಕಿನಲ್ಲಿ ಸಿಕ್ಕಿದ ಮರ್ಯಾದೆ ಅದೊಂದೇ. ಮತ್ತೆ ಆ ಮರ್ಯಾದೆ ಕೊಟ್ಟ ಕಿವಿಯನ್ನು ತಿಂದದ್ದು ಅನ್ನ ಕೊಟ್ಟ ಇಂಜಿನ್ನೇ, ಯಾರನ್ನು ಬೈಯುವುದು? ಮೊದಲು ಹೋದದ್ದು ಕುಕ್ಕರಿನ ಸೀಟಿ. ಸೀಟಿ ಹೋಗಿ ಒಂದು ವರ್ಷಕ್ಕೆ ಹಕ್ಕಿಗಳು ಹೋದವು. ಸರಸ ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ, ಮನೆಯಲ್ಲಿ ಮಾತನಾಡುವ ಸ್ವರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಳು. ಪಕ್ಕದ ಮನೆಯವರು ಕೇಳಿದರೆ, “ಎಂತ ಮಾಡುವುದು, ಮೀನು ಕೂಗಿ ಕೂಗಿ ಸ್ವರವೇ ಹೀಗಾಯಿತು,” ಎಂದು ನಗುತ್ತಾಳೆ. ಅವಳು ಹಾಗೆ ನಗುವಾಗ ಬೂಬನಿಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗಬೇಕೆನ್ನಿಸುತ್ತದೆ. ಅವಳಿಗಾದರೂ ಬಾಯಿಬಿಟ್ಟು ಹೇಳಿದ್ದರೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಕಣ್ಣು ತೆರೆದಾಗ ಯಾರೂ ಅಲುಗಾಡುತ್ತಿರಲಿಲ್ಲ. ಹಾಡಿನೊಳಗೆ ಮುಳುಗಿದ್ದಾರೆಂದು ಅವನು ಇನ್ನೊಂದಿಷ್ಟು ಹೊತ್ತು ಬೆರಳಿನಿಂದ ತಾಳ ಹಾಕಿದ, ತಲೆಯನ್ನೂ ತೂಗಿದ. ಆಮೇಲೆ ಲೋಟವನ್ನು ನೋಡಿದ. ಲೋಟ ಖಾಲಿ ಇತ್ತು. ಫೋನು ಲಕ್ಷಿತನ ಕೈಯಲ್ಲಿತ್ತು, ಲಕ್ಷಿತ್ ತಲೆ ತಗ್ಗಿಸಿದ್ದ. ಶೀನ ಅವನ ಬೆರಳುಗಳನ್ನೇ ನೋಡುತ್ತಿದ್ದ. ಎಲ್ಲರೂ ಅವನ ಬೆರಳುಗಳನ್ನೇ ನೋಡುತ್ತಿದ್ದರು. ಬೂಬ ಕೈಯನ್ನು ಎಳೆದು ಮಡಿಲಿಗೆ ಇಟ್ಟುಕೊಂಡ, ಮತ್ತು ಏನಾದರೂ ಹೇಳಲೇಬೇಕಾದ್ದರಿಂದ, “ಒಂದು ಎಳೆ ತಪ್ಪಿಲ್ಲ,” ಎಂದ. ಯಾರೂ ಮಾತನಾಡಲಿಲ್ಲ, ಅಥವಾ ಎಲ್ಲರೂ ಮಾತನಾಡಿದರು. ಅಂಗಿಯ ಕಿಸೆಯಲ್ಲಿ ಅವನ ಫೋನು ನಡುಗಿತು. ಅದೊಂದು ಅವನಿಗೆ ಎಂದೂ ತಪ್ಪುತ್ತಿರಲಿಲ್ಲ. ತೆಗೆದು ನೋಡಿದ. ಅದೇ ಮೇಜಿನ ಸುತ್ತ ಕುಳಿತವರಲ್ಲಿ ಯಾರೋ ಒಬ್ಬರು, ತಮ್ಮತಮ್ಮಲ್ಲೇ ಅಂದುಕೊಂಡು, ಎಲ್ಲರೂ ಇರುವ ದೊಡ್ಡ ಗುಂಪಿಗೇ ಬರೆದುಬಿಟ್ಟಿದ್ದರು: ಹಾಡು ಮುಗಿದು ಎರಡು ನಿಮಿಷ ಆಯಿತು, ಬೂಬಣ್ಣ ಇನ್ನೂ ತಾಳ ಹಾಕ್ತಿದ್ದಾರೆ. ಪಾಪ, ಕೆಪ್ಪ. ಅವನು ಓದುತ್ತಿದ್ದಂತೆಯೇ ಅದು ಅಳಿಸಿಹೋಯಿತು.

ಶೀನ ಮೇಜನ್ನು ಸುತ್ತಿ ಬಂದು ಹೆಗಲ ಮೇಲೆ ಕೈಯಿಟ್ಟ. ಮೀಸೆ ಅಲುಗಾಡಿತು. ಏನೆಂದನೋ ತಿಳಿಯಲಿಲ್ಲ, ಒಳ್ಳೆಯದೇ ಅಂದಿರಬೇಕು, ಕಣ್ಣು ಒದ್ದೆಯಾಗಿತ್ತು. ಬೂಬ ಆ ಕೈಯನ್ನು ಕೊಡವಿದ. ಬೈದಿದ್ದರೆ ಕುಳಿತಿರುತ್ತಿದ್ದ, ಕರುಣೆಯನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ. ಮೆಟ್ಟಿಲಿಳಿಯುವಾಗ ಅವನಿಗೆ ಇದ್ದ ಯೋಚನೆ ಒಂದೇ. ದೊಡ್ಡ ಗುಂಪಿನಲ್ಲಿ ಆಲ್ಫೋನ್ಸರ ತಂಗಿ ಝೀಟಾ ಇದ್ದಾರೆ. ಅಳಿಸುವ ಮೊದಲು ಅವರು ಅದನ್ನು ಓದಿರಬಹುದು, ಓದಿಲ್ಲದಿರಲೂಬಹುದು. ಇನ್ನೊಬ್ಬರಿಂದ ತಿಳಿಯುವ ಮೊದಲು ತಾನೇ ಹೋಗಿ ಆಲ್ಫೋನ್ಸರಿಗೆ ಹೇಳಬೇಕು.

ಹಿರಿಯಡ್ಕ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರನ ಹಿಂದೆ, ಇಂಜಿನ್ನಿಗೆ ಹತ್ತಿರ, ಕಾಲಡಿಯಲ್ಲಿ ನಡುಕ ಸಿಗುವ ಸೀಟಿನಲ್ಲಿ ಕುಳಿತ. ಕಂಡಕ್ಟರ್ ಎರಡು ಸಲ ಕೇಳಿ, ಮೂರನೇ ಸಲ ಭುಜ ತಟ್ಟಿದ. ಪೊರ್ಬುಗಳೇ, ನನಗೆ ಕೇಳುವುದಿಲ್ಲ. ಎಷ್ಟು ಸಣ್ಣ ಮಾತು. ಮಣಿಪಾಲದಲ್ಲಿ ಬಸ್ಸು ನಿಂತಾಗ ಅವನು ಬಲಗಡೆಗೆ ನೋಡಲಿಲ್ಲ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಕೋಣೆ ಇದೆ. ಮೂರು ವರ್ಷದ ಹಿಂದೆ, ಬೋಟಿನ ಬಿಡಿಭಾಗ ತರಲಿಕ್ಕುಂಟೆಂದು ಸುಳ್ಳು ಹೇಳಿ ಅಲ್ಲಿಗೆ ಹೋಗಿದ್ದ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು ಎಂದು ಮಾನಸ ಎಂಬ ಹುಡುಗಿ ಹೇಳಿಕೊಟ್ಟಳು, ಎದೆಯ ಮೇಲೆ ಹೆಸರು ಬರೆದಿತ್ತು. ಗಾಜಿನಾಚೆ ಅವಳ ಬೆರಳು ಆಡುವುದು ಕಾಣುತ್ತಿತ್ತು. ಬೆರಳು ಆಡಿದಾಗಲೆಲ್ಲ ಬೂಬ ಒತ್ತಿದ. ಶಾಲೆಯಲ್ಲಿ ಎಂದೂ ಪಾಸಾಗದವನು ಇದರಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದೇನೆಂದು ಬೆವರುತ್ತಾ ಕುಳಿತಿದ್ದಾಗ ಅವಳು ಮೆಲ್ಲಗೆ ಕುರ್ಚಿಯನ್ನು ಆಚೆ ತಿರುಗಿಸಿಕೊಂಡಳು. ಬಿಳಿ ಕೋಟಿನ ಬೆನ್ನು ಮಾತ್ರ ಕಂಡಿತು. ಆ ಬೆನ್ನನ್ನು ನೋಡುತ್ತಾ ಅವನು ಸುಮ್ಮನೆ ಮನಸ್ಸಿಗೆ ಬಂದ ಹಾಗೆ ಗುಂಡಿ ಒತ್ತುತ್ತಾ ಹೋದ. ಅವಳು ಕೊಟ್ಟ ಚೀಟಿ ಇವತ್ತಿಗೂ ಸ್ಪ್ಯಾನರ್ ಪೆಟ್ಟಿಗೆಯ ಅಡಿಯಲ್ಲಿದೆ. ಕಿವಿಗೆ ಯಂತ್ರ ಹಾಕಿಕೊಂಡರೆ ಅದು ಎಲ್ಲರಿಗೂ ಕಾಣುತ್ತದೆ, ಕೆಪ್ಪನಾಗಿರುವುದು ಕಾಣುವುದಿಲ್ಲ.

ಬೈಲೂರು ದಾಟಿದ ಮೇಲೆ ಲಕ್ಷಿತನ ಮಾತು ನೆನಪಾಯಿತು, ಅವನ ಕಣ್ಣಲ್ಲಿ ನೀರು ಬಂದ ಜಾಗ. ಎರಡನೇ ಬಸ್ಸೂ ಹೋಗಿಯಾಗಿದೆ, ಆದರೂ ಬರುತ್ತೇನೆ ಎನ್ನುವುದು ಹೇಗಿರಬಹುದು? ಪೀಟರನ ಧಾಟಿ ಬೂಬನ ತಲೆಯೊಳಗೆ ಈಗಲೂ ಪೂರ್ತಿ ಇದೆ, ಗಿಟಾರಿನ ಸಮೇತ. ಆಲ್ಫೋನ್ಸರ ಹಳೆಯ ಸ್ವರವೂ ಇದೆ. ಅವೆರಡನ್ನು ಸೇರಿಸಿ, ನಿಧಾನ ಮಾಡಿ, ‘ಬರುತ್ತೇನೆ’ ಎಂಬಲ್ಲಿ ಒಡೆದು ನೋಡಲು ಯತ್ನಿಸಿದ. ಒಡೆಯಲಿಲ್ಲ. ತಲೆಯೊಳಗಿನ ಆಲ್ಫೋನ್ಸರಿಗೆ ಅರುವತ್ತೆರಡು ದಾಟಿಯೇ ಇರಲಿಲ್ಲ. ಅವರು ಬದುಕಿನಲ್ಲಿ ಹಾಡಿದ ಅತ್ಯಂತ ಚಂದದ ಹಾಡೋ, ಅತ್ಯಂತ ಕೆಟ್ಟ ಹಾಡೋ, ಎರಡರಲ್ಲಿ ಒಂದು ಹೊರಗೆ ಬಂದಿದೆ. ರಿಕ್ಷಾದ ಹಾರ್ನ್ ಸೇರಿಸಿ ನಗುವ ಪೋಕರಿಗಳಿಗೂ ಅದು ಕೇಳಿದೆ. ತನಗೆ ಮಾತ್ರ ಇಲ್ಲ. ಇನ್ನು ಮುಂದೆಯೂ ಇಲ್ಲ. ಬಸ್ಸಿನ ಕಂಬಿಗೆ ಹಣೆ ಕೊಟ್ಟು ಅವನು ಅತ್ತ. ಸದ್ದು ಮಾಡಿದನೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದ್ದರಿಂದ ಸದ್ದು ಬಂದಿರಬೇಕು.

ಆಲ್ಫೋನ್ಸ್ ಮನೆಯ ಎದುರಿನ ಸಿಟೌಟಿನಲ್ಲೇ ಕುಳಿತಿದ್ದರು, ಮಡಿಲಲ್ಲಿ ಹಾಡು ಬರೆದಿಟ್ಟುಕೊಳ್ಳುವ ಹಳೆಯ ಉದ್ದ ಪುಸ್ತಕ. ಇವನನ್ನು ಕಂಡು ಆಶ್ಚರ್ಯಪಡಲಿಲ್ಲ. ಎದುರಿನ ಕುರ್ಚಿ ತೋರಿಸಿದರು. ಬೂಬ ಕುಳಿತು, “ಪೊರ್ಬುಗಳೇ,” ಎಂದು ಶುರುಮಾಡುವಷ್ಟರಲ್ಲಿ ಕೈಯೆತ್ತಿ ತಡೆದರು.

“ಮೊದಲು ಒಮ್ಮೆ ಎದುರಿನಿಂದ ಕೇಳಿ ಬೂಬಣ್ಣ. ಮಾತು ಆಮೇಲೆ ಆಡುವ.”

ಅವರು ಕಣ್ಣು ಮುಚ್ಚಿದರು, ತುಟಿ ತೆರೆದರು. ಮೊದಲ ಬಸ್ಸು ಹೋಯಿತು, ಎಂಬುದು ತುಟಿಯ ಮೇಲೆ ಕಂಡಿತು. ಬೂಬ ನಲವತ್ತು ವರ್ಷ ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ಮುಖ ಅದು. ಯಾವ ಸ್ವರಕ್ಕೆ ಹುಬ್ಬು ಏರುತ್ತದೆ, ಯಾವುದಕ್ಕೆ ಗಲ್ಲ ಬಾಗುತ್ತದೆ ಎಲ್ಲ ಗೊತ್ತು. ಮೇಲಿನ ಜಾಗ ಬಂದಾಗ ಕುತ್ತಿಗೆಯ ಎಡಗಡೆಯ ನರ ಎದ್ದು ನಿಲ್ಲಬೇಕು, ಯಾವಾಗಲೂ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಎಷ್ಟು ಸಲೀಸಾಗಿ ಹಾಡುತ್ತಿದ್ದಾರೆ, ಸ್ವರ ಒಡೆಯುತ್ತದೆ ಎಂದದ್ದೆಲ್ಲ ಶೀನನ ಕುಹಕ, ಎಂದುಕೊಂಡಾಗ ಅವನಿಗೆ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಸಮಾಧಾನವಾಯಿತು. ಹಾಡು ಮುಗಿಯಿತು. ಆಲ್ಫೋನ್ಸ್ ಗಲ್ಲ ಎತ್ತಿ, ಹೇಗಾಯಿತು ಎಂಬಂತೆ ನೋಡಿದರು. ಏನು ಹೇಳಲೆಂದು ಬಂದಿದ್ದನೋ ಅದು ಬಾಯಿಯವರೆಗೂ ಬಂದಿತ್ತು, ಆದರೆ ನಲವತ್ತು ವರ್ಷದ ಅಭ್ಯಾಸ ಅದಕ್ಕಿಂತ ಮುಂದೆ ಓಡಿತು.

“ಒಂದು ಎಳೆ ತಪ್ಪಿಲ್ಲ ಪೊರ್ಬುಗಳೇ.”

ಆಲ್ಫೋನ್ಸ್ ನಗಲಿಲ್ಲ. ಮುಖವನ್ನು ಹತ್ತಿರ ತಂದು, ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. “ನಾನು ಹಾಡಲೇ ಇಲ್ಲ ಬೂಬಣ್ಣ. ಬಾಯಿ ಆಡಿಸಿದೆ, ಅಷ್ಟೇ. ಝೀಟಾ ಆ ಮೆಸೇಜ್ ತೋರಿಸಿದಳು, ನಾನು ನಂಬಲಿಲ್ಲ.”

ಹಾಗೆ ಮಾಡಿದ್ದಕ್ಕೆ ಅವರಿಗೇ ನಾಚಿಕೆಯಾದಂತೆ ಕಂಡಿತು. ಆಮೇಲೆ ಕೇಳಿದರು, “ಎಷ್ಟು ವರ್ಷ ಆಯಿತು?” ಎರಡು ಎನ್ನಬಹುದಿತ್ತು. ಬೂಬ ಒಂದು ಹೆಬ್ಬೆರಳು ಮಡಿಸಿ ಉಳಿದ ಒಂಬತ್ತು ಬೆರಳನ್ನೂ ಎತ್ತಿ ಹಿಡಿದ. ಆಲ್ಫೋನ್ಸ್ ಮಡಿಲಿನ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ ಹೋದರು, ಒಂದೊಂದು ಹಾಡಿನ ಮೇಲೂ ಬೆರಳಿಟ್ಟು, ಬಿಟ್ಟು, ಮತ್ತೆ ಹಿಂದಕ್ಕೆ. “ಹಾಗಾದರೆ ಇದೆಲ್ಲ ನಾನು ಯಾರನ್ನು ಕೇಳಿ ಹಾಡಿದೆ?” ಎಂದರು. ಬೂಬ ಎತ್ತಿದ ಬೆರಳುಗಳನ್ನು ಇಳಿಸಿದ. ಕ್ಷಮೆ ಕೇಳಲು ಬಾಯಿ ತೆರೆದ. ಆಲ್ಫೋನ್ಸ್ ಅದನ್ನು ಗಮನಿಸದೆ ಅವನ ಬಲಗೈಯನ್ನು ಹಿಡಿದೆಳೆದು ತಮ್ಮ ಕುತ್ತಿಗೆಯ ಮೇಲೆ ಇಟ್ಟುಕೊಂಡರು. “ಇಂಜಿನನ್ನು ಮುಟ್ಟಿಯೂ ಹೇಳುತ್ತಿದ್ದಿರಿ ಅಲ್ವಾ? ಈಗ ನಿಜವಾಗಿ ಹಾಡುತ್ತೇನೆ. ನಿಜವಾಗಿ ಹೇಳಿ.”

ಅಂಗೈಯಡಿಯಲ್ಲಿ ಗಂಟಲು ಎದ್ದಿತು. ಸುಕ್ಕಿದ ಚರ್ಮ, ಸರಿಯಾಗಿ ಬೋಳಿಸದ ಕೂದಲು, ಅದರಡಿಯಲ್ಲಿ ಒಂದು ಸಣ್ಣ ನಡುಕ ಶುರುವಾಗಿ ನಿಧಾನವಾಗಿ ತುಂಬಿಕೊಂಡಿತು. ಒಂಬತ್ತು ವರ್ಷದ ಮೇಲೆ ಅವರ ಹಾಡು ಅವನನ್ನು ಮುಟ್ಟಿತು. ಕೆಳಗಿನ ಸ್ವರಗಳು ಗಟ್ಟಿಯಾಗಿ ಬಂದವು, ಮೇಲೇರುತ್ತಾ ತೆಳ್ಳಗಾದವು, ‘ಬರುತ್ತೇನೆ’ ಎಂಬಲ್ಲಿ ನರ ಎದ್ದು ನಿಂತಿತು, ನಡುಕ ತುಂಡಾಯಿತು. ಏನೂ ಇಲ್ಲ. ಮತ್ತೆ ಬಂತು, ಮತ್ತೆ ತುಂಡಾಯಿತು. ಡೀಸೆಲಿನಲ್ಲಿ ನೀರು ಸೇರಿದಾಗ ಇಂಜಿನ್ ಹೀಗೆಯೇ ಮಾಡುತ್ತದೆ. ಆಗ ತಡಮಾಡಬಾರದು, ಮೇಲಿನವನಿಗೆ ಕೂಗಿ ಹೇಳಬೇಕು, ಇಲ್ಲದಿದ್ದರೆ ನಡುಗಡಲಿನಲ್ಲಿ ಇಡೀ ಬೋಟನ್ನು ಕಳೆದುಕೊಳ್ಳುತ್ತೇವೆ. ಒಂಬತ್ತು ವರ್ಷ ಸುಳ್ಳು ಹೇಳಿದವನು ಒಮ್ಮೆಯಾದರೂ ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಹೇಳದಿದ್ದರೆ ತಾನು ಮನುಷ್ಯನೇ ಅಲ್ಲ.

“ನಿಲ್ಲಿಸಿ,” ಎಂದ ಬೂಬ.

ಅಂಗೈಯಡಿಯಲ್ಲಿ ಎಲ್ಲವೂ ನಿಂತಿತು. ಆಲ್ಫೋನ್ಸ್ ಕಣ್ಣು ತೆರೆದು, ತಲೆಯಾಡಿಸಿ, ಅವನ ಕೈಯನ್ನು ಕುತ್ತಿಗೆಯಿಂದ ಬಿಡಿಸಿ ಅವನ ಮೊಣಕಾಲಿನ ಮೇಲೆಯೇ ಇಟ್ಟರು. ಬೂಬನಿಗೆ ಎದೆ ಹಗುರಾಯಿತು. ನಿಜ ಹೇಳಿದೆ, ಕೊನೆಗೂ ಹೇಳಿದೆ ಎಂದು ತಲೆಯೆತ್ತಿದಾಗ ಬಾಗಿಲಿನಲ್ಲಿ ಝೀಟಾ ಟೀಚರು ನಿಂತಿದ್ದರು. ಮೂವತ್ತೈದು ವರ್ಷ ಇಗರ್ಜಿಯಲ್ಲಿ ಮಕ್ಕಳಿಗೆ ಹಾಡು ಕಲಿಸಿದವರು. ಕೈಯ ಚಹಾದ ಕಪ್ಪು ವಾಲಿ, ಚಹಾ ತಟ್ಟೆಗೆ ಸುರಿದು, ತಟ್ಟೆಯಿಂದ ನೆಲಕ್ಕೆ ಸುರಿಯುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ಆದರೆ ಆ ಮುಖದಲ್ಲಿ ದುಃಖವಿರಲಿಲ್ಲ. ಇಂಥ ಮುಖಗಳನ್ನು ಬೂಬ ಪೆರ್ಡೂರಿನಲ್ಲಿ, ಕಾಪುವಿನಲ್ಲಿ, ಆಲ್ಫೋನ್ಸ್ ಹಾಡಿದಲ್ಲೆಲ್ಲ, ತನ್ನ ಅಕ್ಕಪಕ್ಕದ ಕುರ್ಚಿಗಳಲ್ಲಿ ನೋಡಿದ್ದ. ಟೀಚರಾಗಿದ್ದ ಅಭ್ಯಾಸದಿಂದ ಅವರ ತುಟಿಗಳು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದವು.

“ಯಾಕೆ ನಿಲ್ಲಿಸಿದಿರಿ? ಅಷ್ಟು ಚಂದ ಬರುತ್ತಿತ್ತಲ್ಲ.”

ಬೂಬ ಗಾಬರಿಯಿಂದ ಆಲ್ಫೋನ್ಸರ ಕಡೆ ತಿರುಗಿದ. ಅವರು ತಂಗಿಯ ಕಡೆ ನೋಡಲಿಲ್ಲ. ಮಡಿಲಿನ ಪುಸ್ತಕವನ್ನು ಮುಚ್ಚಿ, ಅದರ ಹಳೆಯ ದಾರವನ್ನು ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದರು. ಗಂಟು ಹಾಕಿ ಆದ ಮೇಲೆ, ಬೂಬನಿಗೂ ಕಾಣುವಂತೆ ಮುಖವೆತ್ತಿ ಹೇಳಿದರು.

“ಬೂಬಣ್ಣ ಹೇಳಿ ಆಯಿತಲ್ಲ, ಝೀಟಾ.”